ಹ್ಯೂಸ್ಟನ್ ಬಿಟ್ಟು ಬಂದ ಆಟ

ಆ ಹಿರಿಯರು ಮೊದಲ ಸಲ ಫೋನ್ ಮಾಡಿದಾಗ ನಾನು ಅವರ ಮಾತು ಮುಗಿಯುವ ಮೊದಲೇ ಕಟ್ ಮಾಡಿದೆ. ಗುರುತಿಲ್ಲದ ನಂಬರ್, ನಿಧಾನವಾದ ಮುದಿ ದನಿ, ನನ್ನ ಮಗಳ ಹೆಸರು ಸರಿಯಾಗಿ ಹೇಳಲು ಬಾರದೆ ತಡವರಿಸುತ್ತ, ‘ಮಕ್ಕಳ ಆಸ್ಪತ್ರೆಯ ಸಹಾಯಾರ್ಥ’ ಎಂಬ ಮಾತಿಗೆ ಬಂದಿದ್ದರು. ಅಷ್ಟು ಸಾಕಾಗಿತ್ತು.

ನಾನು ಟೆಕ್ಸಾಸಿನಲ್ಲಿ, ಡಲ್ಲಾಸ್ ಪಕ್ಕದ ಪ್ಲೇನೋದ ಒಂದು ವಿಮಾ ಕಂಪನಿಯಲ್ಲಿ ಕ್ಲೇಮ್ ಪರಿಶೀಲಿಸುವವಳು. ಆಲಿಕಲ್ಲು ಬಿದ್ದು ಛಾವಣಿ ಹಾಳಾಯಿತು, ಪೈಪ್ ಒಡೆದು ಮನೆಯೊಳಗೆ ನೀರು ನಿಂತಿತು ಎಂದು ಜನ ಬರೆದು ಕಳಿಸುತ್ತಾರೆ. ಅದರಲ್ಲಿ ಎಷ್ಟು ನಿಜ, ಎಷ್ಟು ಸೇರಿಸಿದ್ದು ಎಂದು ನೋಡುವುದು ನನ್ನ ಕೆಲಸ. ವರ್ಷಗಟ್ಟಲೆ ಹೀಗೆ ಕೂತವರಿಗೆ ಒಂದು ಚಟ ಅಂಟಿಕೊಳ್ಳುತ್ತದೆ. ಯಾರಾದರೂ ಕಣ್ಣಲ್ಲಿ ನೀರು ಬರಿಸುವಂಥ ಕಥೆ ಹೇಳಿದರೆ, ಕಥೆಗಿಂತ ಮೊದಲು ಅದರಲ್ಲಿ ಯಾವುದು ಹೊಂದುವುದಿಲ್ಲ ಎಂದು ಹುಡುಕತೊಡಗುತ್ತೇವೆ.

ಮರುದಿನ ಮಗಳು ಸ್ಕೂಲಿನಿಂದ ಬಂದವಳೇ ಬ್ಯಾಗನ್ನು ಅಡುಗೆಮನೆಯ ಕುರ್ಚಿಯ ಮೇಲೆ ಒಗೆದು, “ಅಮ್ಮಾ, ಡಿಡ್ ಯು ಹ್ಯಾಂಗ್ ಅಪ್ ಆನ್ ಹಿಮ್?” ಎಂದು ಕೇಳಿದಳು. ಅದು ಮೋಸದ ಕರೆ ಅಲ್ಲವಂತೆ, ಅವರು ನಿಜವಾಗಿಯೂ ಇದ್ದಾರಂತೆ. ನಿವೃತ್ತ ಫುಟ್‌ಬಾಲ್ ಕೋಚ್. ಟೆಕ್ಸಾಸಿನ ಹೈಸ್ಕೂಲುಗಳಿಂದ ಆಯ್ದ ಆಟಗಾರರನ್ನು ಎರಡು ತಂಡ ಮಾಡಿ, ಪ್ರತಿ ಜೂನ್‌ನಲ್ಲಿ ಒಂದು ಪಂದ್ಯ ಆಡಿಸಿ, ಬಂದದ್ದನ್ನೆಲ್ಲ ಹ್ಯೂಸ್ಟನ್ನಿನ ಒಂದು ಮಕ್ಕಳ ಆಸ್ಪತ್ರೆಗೆ ಕೊಡುವ ಸಮಿತಿಯ ಹಿರಿಯರು. ಈ ವರ್ಷದ ಉತ್ತರದ ತಂಡಕ್ಕೆ ಕಿಕ್ಕರ್ ಆಗಿ ನನ್ನ ಮಗಳನ್ನು ಆರಿಸಿದ್ದರು.

ಅಮೆರಿಕದ ಈ ಫುಟ್‌ಬಾಲಿನಲ್ಲಿ ಕಾಲಿಗೆ ಕೆಲಸ ಕಡಿಮೆ. ಚೆಂಡನ್ನು ಕೈಯಲ್ಲಿ ಹಿಡಿದು ಓಡುವುದು, ಎಸೆಯುವುದು, ಒಬ್ಬರನ್ನೊಬ್ಬರು ಕೆಡವುವುದು. ನಡುನಡುವೆ ಒಬ್ಬರು ಬಂದು ಎರಡು ಎತ್ತರದ ಕಂಬಗಳ ನಡುವೆ ಚೆಂಡನ್ನು ಒದ್ದು ಹೋಗುತ್ತಾರೆ, ಅವರೇ ಕಿಕ್ಕರ್. ಮಗಳು ಚಿಕ್ಕಂದಿನಿಂದ ಸಾಕರ್, ಅಂದರೆ ನಮ್ಮ ಕಡೆಯ ಫುಟ್‌ಬಾಲ್, ಆಡಿದವಳು. ಹೈಸ್ಕೂಲಿನ ಕೊನೆಯ ವರ್ಷ ಅವರ ಫುಟ್‌ಬಾಲ್ ತಂಡದ ಕಿಕ್ಕರ್ ಹುಡುಗ ಮೊಣಕಾಲು ಮುರಿದುಕೊಂಡಾಗ ಕೋಚ್ ಇವಳನ್ನು ಕರೆದರು. ಹೆಲ್ಮೆಟ್ಟಿನ ಹಿಂದಿನಿಂದ ಜಡೆ ಇಳಿಬಿಟ್ಟುಕೊಂಡು ಇವಳು ಮೈದಾನಕ್ಕೆ ಹೋದ ಮೊದಲ ಶುಕ್ರವಾರ ನನ್ನ ಗಂಡ ಕುರ್ಚಿಯ ಮೇಲೆ ಕೂರಲೇ ಇಲ್ಲ. ಅವಳು ಚೆನ್ನಾಗಿ ಒದೆಯುತ್ತಿದ್ದಳು. ಆದರೆ ಇಡೀ ಉತ್ತರ ಟೆಕ್ಸಾಸಿನಿಂದ ಆರಿಸಿ ತರುವಷ್ಟು ಅಲ್ಲ ಎಂದು ನನಗೆ ಗೊತ್ತಿತ್ತು. ದೂರದಿಂದ ಒದ್ದವುಗಳಲ್ಲಿ ಹಲವು ಕಂಬಗಳ ಹೊರಗೆ ಹೋಗಿದ್ದವು.

“ಇವಳನ್ನೇ ಯಾಕೆ?” ಎಂದು ಗಂಡನನ್ನು ಕೇಳಿದೆ.

ಅವರು ಮೈಸೂರಿನವರು. ಎಲ್ಲದರಲ್ಲೂ ಒಳ್ಳೆಯದನ್ನೇ ಮೊದಲು ಕಾಣುವ ಸ್ವಭಾವ. “ಚೆನ್ನಾಗಿ ಆಡ್ತಾಳೆ ಅಂತ ಕರೆದಿದಾರೆ ಕಣೇ. ಇದರಲ್ಲೂ ಏನು ಹುಡುಕ್ತೀಯ?”

“ಒಂದು ಹುಡುಗಿ, ಅದರಲ್ಲೂ ಇಂಡಿಯನ್. ಪೋಸ್ಟರಿಗೆ ಬೇಕಾಗಿದ್ದಾಳೆ ನೋಡ್ರಿ.”

“ಪೋಸ್ಟರ್‌ನಲ್ಲಿ ಹಾಕ್ಲಿ ಬಿಡು. ನಮ್ಮ ಮಗಳೇ ತಾನೇ?”

ಒಂದೆರಡು ವಾರದಲ್ಲಿ ಪೋಸ್ಟರ್ ಬಂತು. ಎರಡೂ ತಂಡಗಳ ದಾಂಡಿಗ ಹುಡುಗರನ್ನೆಲ್ಲ ಹಿಂದೆ ಸಣ್ಣಗೆ ನಿಲ್ಲಿಸಿ, ಮುಂದೆ ಕಾಲು ಎತ್ತಿದ ನನ್ನ ಮಗಳು. ಗಂಡ ಅದನ್ನು ಕನ್ನಡ ಸಂಘದ ಗ್ರೂಪಿಗೆ ಕಳಿಸಿ ಬಂದ ಅಭಿನಂದನೆಗಳನ್ನು ಓದುತ್ತ ಕೂತರು. ನನಗೆ ಅನುಮಾನ ಇನ್ನೂ ಗಟ್ಟಿಯಾಯಿತು.

ಏಪ್ರಿಲ್‌ನಲ್ಲಿ, ಸಮಿತಿಯ ಕಚೇರಿ ಇರುವ ಆಸ್ಟಿನ್‌ನಲ್ಲಿ ಆಟಗಾರರಿಗೂ ತಂದೆತಾಯಿಗಳಿಗೂ ಊಟ ಇಟ್ಟಿದ್ದರು. ಬೆಳಿಗ್ಗೆ ಹೊರಟು ಮೂವರೂ ಕಾರಿನಲ್ಲಿ ಹೋದೆವು. ದಾರಿಯುದ್ದಕ್ಕೂ ರಸ್ತೆಯ ಪಕ್ಕ ನೀಲಿ ಹೂವು; ಕುಟುಂಬಗಳು ಕಾರು ನಿಲ್ಲಿಸಿ ಮಕ್ಕಳನ್ನು ಹೂವಿನ ನಡುವೆ ಕೂರಿಸಿ ಫೋಟೊ ತೆಗೆಯುತ್ತಿದ್ದರು. ಹೋಟೆಲಿನ ಹಾಲ್‌ನಲ್ಲಿ ದುಂಡು ಮೇಜುಗಳು, ಸಸ್ಯಾಹಾರಿ ಎಂದು ಹೇಳಿದ್ದಕ್ಕೆ ನಮಗೆ ಬೇಯಿಸಿದ ಆಲೂಗಡ್ಡೆ. ನಾನು ಫೋನ್ ಕಟ್ ಮಾಡಿದ್ದ ಹಿರಿಯರು ಬಾಗಿಲಲ್ಲೇ ನಿಂತು ಎಲ್ಲರ ಕೈ ಕುಲುಕುತ್ತಿದ್ದರು. ಎತ್ತರದ ಆಳು, ಬೆನ್ನು ಸ್ವಲ್ಪ ಬಾಗಿತ್ತು. ನನ್ನ ಮಗಳ ಹೆಸರನ್ನು ಈಗ ಸರಿಯಾಗಿ ಹೇಳಿದರು. ಕಲಿತುಕೊಂಡು ಬಂದಿದ್ದರೆಂದು ಕಾಣುತ್ತದೆ. ಅದೂ ನನಗೆ ಅತಿಯಾಯಿತು ಅನ್ನಿಸಿತು.

ಊಟದ ನಡುವೆ ದೀಪ ಆರಿಸಿ ಪಂದ್ಯದ ಇತಿಹಾಸದ ವಿಡಿಯೋ ತೋರಿಸಿದರು. ಹ್ಯೂಸ್ಟನ್ನಿನ ಇಬ್ಬರು ಎದುರಾಳಿ ಕೋಚ್‌ಗಳು ಒಂದು ದಿನ ಮಕ್ಕಳ ವಾರ್ಡಿಗೆ ಹೋದರಂತೆ. ಕಾಯಿಲೆಯ ಒಬ್ಬ ಹುಡುಗ, ‘ನಾನು ಆಟ ನೋಡಲು ಬರಲಾರೆ, ಆಟವನ್ನೇ ನನ್ನ ಬಳಿ ತನ್ನಿ’ ಅಂದನಂತೆ. ಅಲ್ಲಿಂದ ಶುರುವಾದ ಪಂದ್ಯ ಮುಂದೆ ದೊಡ್ಡ ಮೈದಾನಕ್ಕಾಗಿ ಆಸ್ಟಿನ್‌ಗೆ ಬಂದು, ಕೊನೆಗೆ ಡಲ್ಲಾಸ್‌ಗೆ ಹೋಗಿ, ಒಂದು ವರ್ಷವೂ ತಪ್ಪದೆ ನಡೆದುಬಂದಿದೆಯಂತೆ. ಹಿನ್ನೆಲೆಯಲ್ಲಿ ಪಿಯಾನೊ. ಪಕ್ಕದ ಮೇಜಿನ ತಾಯಿ ಕಣ್ಣು ಒರೆಸಿಕೊಂಡರು.

ನಾನು ಫೋಟೊಗಳನ್ನು ನೋಡುತ್ತಿದ್ದೆ. ಹ್ಯೂಸ್ಟನ್ನಿನ ಕಾಲದ ಪ್ರತಿ ಚಿತ್ರದಲ್ಲೂ ಮೈದಾನದ ಅಂಚಿಗೆ ಮಕ್ಕಳಿದ್ದರು. ಗಾಲಿಕುರ್ಚಿಯಲ್ಲಿ, ಕೆಲವರು ಚಕ್ರದ ಮಂಚದ ಮೇಲೆಯೇ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು. ಆಸ್ಟಿನ್ನಿನ ಮೊದಲ ಚಿತ್ರದಿಂದ ಮುಂದೆ ಒಂದು ಮಗುವೂ ಇಲ್ಲ. ಇನ್ನೊಂದು ವಿಷಯ. ಹ್ಯೂಸ್ಟನ್ನಿನ ಕೊನೆಯ ಚಿತ್ರದಲ್ಲಿ ಜನರ ಕೂದಲು ಕಿವಿ ಮುಚ್ಚುವಷ್ಟು ಉದ್ದ, ಪ್ಯಾಂಟಿನ ಕಾಲು ಅಗಲ. ಆಸ್ಟಿನ್ನಿನ ಮೊದಲ ಚಿತ್ರದಲ್ಲಿ ಎಲ್ಲರ ಕೂದಲು ಗಿಡ್ಡ, ಕಾರುಗಳೇ ಬೇರೆ ಆಕಾರ. ಒಂದೇ ವರ್ಷದಲ್ಲಿ ಹಾಗೆ ಬದಲಾಗುವುದಿಲ್ಲ. ನಡುವೆ ಕೆಲವು ವರ್ಷ ಕಾಣೆಯಾಗಿದ್ದವು.

ದೀಪ ಹತ್ತಿದ ಮೇಲೆ ಆ ಹಿರಿಯರನ್ನು ಹುಡುಕಿಕೊಂಡು ಹೋದೆ. ಮೊದಲು ನನ್ನ ಮನೆಯ ವಿಷಯವನ್ನೇ ಕೇಳಿದೆ. “ನನ್ನ ಮಗಳನ್ನು ಯಾಕೆ ಆರಿಸಿದಿರಿ?”

ಅವರು ಸ್ವಲ್ಪವೂ ಮುಲಾಜು ನೋಡಲಿಲ್ಲ. “ಮೊದಲು ಆರಿಸಿದ ಹುಡುಗ ಕಾಲೇಜಿನ ತರಬೇತಿಗೆ ಬೇಗ ಹೊರಟುಹೋದ. ನಮ್ಮ ಎರಡನೆಯ ಹೆಸರು ನಿಮ್ಮ ಮಗಳದು. ಹತ್ತಿರದಿಂದ ಅವಳು ತಪ್ಪುವುದಿಲ್ಲ. ದೂರದಿಂದ ಕಷ್ಟ.”

“ಪೋಸ್ಟರ್?”

“ಅದು ನಮ್ಮ ಆಫೀಸಿನ ಹುಡುಗಿಯ ಕೆಲಸ. ನನ್ನನ್ನು ಕೇಳಿದ್ದರೆ ನಾನು ಬೇಡ ಅನ್ನುತ್ತಿದ್ದೆ. ಒಬ್ಬರ ಮೇಲೆ ಅಷ್ಟು ಭಾರ ಹಾಕಬಾರದು.”

ನನಗೆ ಸಮಾಧಾನವೂ ಆಯಿತು, ನನ್ನ ಮಗಳು ಎರಡನೆಯವಳು ಎಂದು ಸಿಟ್ಟೂ ಬಂತು. ಅದೇ ಗುಂಗಿನಲ್ಲಿ ಎರಡನೆಯ ಪ್ರಶ್ನೆ ಕೇಳಿದೆ: “ಪಂದ್ಯ ಹ್ಯೂಸ್ಟನ್ ಯಾಕೆ ಬಿಟ್ಟಿತು?”

“ವಿಡಿಯೋದಲ್ಲಿ ಹೇಳಿದೆಯಲ್ಲ,” ಎಂದರು. ಅಷ್ಟು ಹೊತ್ತು ನನ್ನ ಮುಖ ನೋಡಿ ಮಾತಾಡುತ್ತಿದ್ದವರು ಈಗ ಯಾರೋ ಕರೆದರೆಂಬಂತೆ ಬಾಗಿಲ ಕಡೆ ತಿರುಗಿದರು. ಯಾರೂ ಕರೆದಿರಲಿಲ್ಲ.

ನಾನು ಕೇಳಿದ್ದೆಲ್ಲ ಮಗಳ ಕಿವಿಗೂ ಬಿದ್ದಿತ್ತು. ಹಿಂದಿರುಗುವಾಗ ಕಾರಿನಲ್ಲಿ, “ನಾನು ಸೆಕೆಂಡ್ ಚಾಯ್ಸ್ ಅಂತ ನಂಗೆ ಗೊತ್ತಿತ್ತು. ಐ ವಾಸ್ ಫೈನ್ ವಿತ್ ಇಟ್. ಅಮ್ಮಾ, ಯು ಆರ್ ನಾಟ್ ಅಟ್ ವರ್ಕ್,” ಎಂದಳು. ಗಂಡ ಕನ್ನಡಿಯಲ್ಲಿ ನನ್ನನ್ನು ನೋಡಿದರು.

ಮೇ ತಿಂಗಳಲ್ಲಿ ಆಟಗಾರರು ಹ್ಯೂಸ್ಟನ್ನಿನ ಆಸ್ಪತ್ರೆಗೆ ಹೋಗುವ ಕಾರ್ಯಕ್ರಮವಿತ್ತು. ನಾನು ರಜೆ ಹಾಕಿ ಜೊತೆಗೆ ಹೋದೆ. ಮಗಳನ್ನು ಬಿಟ್ಟು ಬರುವ ನೆಪ, ನೋಡಬೇಕಾಗಿದ್ದದ್ದು ಬೇರೆ. ಕಾಯಿಲೆಯ ಮಕ್ಕಳ ಪಕ್ಕ ಆಟಗಾರರನ್ನು ನಿಲ್ಲಿಸಿ ಎಷ್ಟು ಫೋಟೊ ತೆಗೆಯುತ್ತಾರೆ, ಯಾವ ಮಗುವಿನ ಕೈಗೆ ಹೆಲ್ಮೆಟ್ ಕೊಟ್ಟು ನಗು ಅನ್ನುತ್ತಾರೆ ಎಂದು ಲೆಕ್ಕ ಹಾಕಿಕೊಂಡೇ ಹೋಗಿದ್ದೆ.

ವಾರ್ಡಿನ ಬಾಗಿಲಲ್ಲಿ ಆ ಹಿರಿಯರು ಬುಟ್ಟಿ ಹಿಡಿದು ನಿಂತಿದ್ದರು. ಒಬ್ಬೊಬ್ಬರೂ ಫೋನನ್ನು ಬುಟ್ಟಿಗೆ ಹಾಕಿಯೇ ಒಳಗೆ ಹೋಗಬೇಕು. ಸಮಿತಿಯವರೂ ಹಾಕಿದರು. ಪತ್ರಿಕೆಯಿಂದ ಬಂದಿದ್ದ ಒಬ್ಬ ಯುವಕ ಒಂದೇ ಒಂದು ಫೋಟೊ ಎಂದು ಗೋಗರೆದ. ಅವರು ತಲೆ ಅಲ್ಲಾಡಿಸಿದರು. “ಒಳಗೆ ಯಾರೂ ಏನನ್ನೂ ತೆಗೆಯುವುದಿಲ್ಲ. ನಲವತ್ತು ವರ್ಷದಿಂದ ಹೀಗೇ.” ನನ್ನ ಫೋನನ್ನೂ ಹಾಕಿದೆ. ಗಾಜಿನ ಆಚೆ ನನ್ನ ಮಗಳು ಒಂದು ಪುಟ್ಟ ಹುಡುಗಿಯ ಜೊತೆ ನೆಲದ ಮೇಲೆ ಕೂತು ಕಾಗದದ ಉಂಡೆಯನ್ನು ಬೆರಳಿನಲ್ಲಿ ಚಿಮ್ಮಿಸುವ ಆಟ ಆಡುತ್ತಿದ್ದಳು. ಇಬ್ಬರಿಗೂ ನಮ್ಮ ಕಡೆ ಗಮನವಿರಲಿಲ್ಲ.

ನಾನು ಕಾದಿದ್ದ ಯಾವುದೂ ನಡೆಯಲಿಲ್ಲ. ಅದರಿಂದ ಅನುಮಾನ ಹೋಗಬೇಕಿತ್ತು. ಹೋಗಲಿಲ್ಲ. ಇಷ್ಟು ಕಟ್ಟುನಿಟ್ಟಿನ ನಿಯಮ ಸುಮ್ಮನೆ ಹುಟ್ಟುವುದಿಲ್ಲ. ಏನೋ ಆದಮೇಲೆಯೇ ಜನ ಇಂಥ ನಿಯಮ ಮಾಡುತ್ತಾರೆ.

ಆ ಸಂಜೆ ನಾವು ಉಳಿದದ್ದು ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಯ ಒಬ್ಬ ಆಂಟಿಯ ಮನೆಯಲ್ಲಿ. ಅವರು ಬೆಳಗಾವಿ ಕಡೆಯವರು. ನರ್ಸಿಂಗ್ ಕಲಿತು, ಎಪ್ಪತ್ತರ ದಶಕದಲ್ಲಿ ಹ್ಯೂಸ್ಟನ್ನಿಗೆ ಬಂದು, ಮಕ್ಕಳ ವಾರ್ಡುಗಳಲ್ಲೇ ಕೆಲಸ ಮಾಡಿ ನಿವೃತ್ತರಾದವರು. ನಾನು ಹುಬ್ಬಳ್ಳಿಯಿಂದ ಹೊಸದಾಗಿ ಟೆಕ್ಸಾಸಿಗೆ ಬಂದಾಗ ಪರಿಚಯವಾಗಿ, ತಾಯಿಯಂತೆ ನೋಡಿಕೊಂಡಿದ್ದರು. ಜೋಳದ ರೊಟ್ಟಿ, ಎಣಗಾಯಿ ಮಾಡಿದ್ದರು. ಮಗಳು ತಿಂದು ಮಲಗಲು ಹೋದಳು. ನಾನು ಪಾತ್ರೆ ತೊಳೆದು ಕೊಡುತ್ತ, ಎಲ್ಲಿಗೆ ಹೋಗಿದ್ದೆವೆಂದು ಹೇಳಿದೆ. ಪಂದ್ಯದ ಹೆಸರು ಕೇಳಿದ್ದೇ ಆಂಟಿ ಕೈಯೊರೆಸುವ ಬಟ್ಟೆಯನ್ನು ಕೆಳಗಿಟ್ಟರು.

“ಆ ಆಟ ಇನ್ನೂ ಐತಿ?”

“ಐತ್ರಿ ಆಂಟಿ. ಈಗ ಡಲ್ಲಾಸ್‌ನ್ಯಾಗ ಆಡತಾರ. ನಿಮಗ ಗೊತ್ತೇನ್ರಿ?”

“ಗೊತ್ತಿಲ್ಲದ ಏನು. ನಾನ ಕರಕೊಂಡ ಹೋಗತಿದ್ದೆ ಹುಡುಗ್ರನ್ನ.”

ನಾನು ನಲ್ಲಿ ನಿಲ್ಲಿಸಿದೆ. “ಹ್ಯೂಸ್ಟನ್ ಯಾಕ ಬಿಟ್ರು ಅವ್ರು?”

ಆಂಟಿ ಕುರ್ಚಿ ಎಳೆದುಕೊಂಡು ಕೂತು ಹೇಳಿದರು. ಆಗ ಅವರು ಬಂದು ಹೆಚ್ಚು ದಿನವಾಗಿರಲಿಲ್ಲ, ಹಿರಿಯ ನರ್ಸುಗಳು ಹೇಳಿದ್ದನ್ನು ಮಾಡುವ ಕಾಲ. ಪಂದ್ಯದ ದಿನ ವಾರ್ಡಿನ ಮಕ್ಕಳಲ್ಲಿ ನಡೆಯಬಲ್ಲವರು, ನಡೆಯಲಾರದವರು ಎಲ್ಲರನ್ನೂ ಬಸ್ಸಿನಲ್ಲಿ ಮೈದಾನಕ್ಕೆ ಒಯ್ಯುತ್ತಿದ್ದರು. ಮಕ್ಕಳು ಜನರ ಕಣ್ಣಿಗೆ ಬೀಳಬೇಕು ಎಂದು ಎದುರಿನ ಸಾಲಿನಲ್ಲಿ, ನೆರಳಿಲ್ಲದ ಕಡೆ ನಿಲ್ಲಿಸುತ್ತಿದ್ದರು. ಹ್ಯೂಸ್ಟನ್ನಿನ ಮಧ್ಯಾಹ್ನ, ಗಾಳಿಯೇ ಬಿಸಿನೀರಿನಂತೆ. “ಛತ್ರಿ ತರ್ರಿ ಅಂದ್ರ, ಛತ್ರಿ ಹಿಡದ್ರ ಹಿಂದಿನ ಮಂದಿಗೆ ಆಟ ಕಾಣಂಗಿಲ್ಲ ಅಂದ್ರು.” ಒಂದು ವರ್ಷ ಆಟ ಲಂಬಿಸಿತು. ಆಂಟಿಯ ಸಾಲಿನ ಒಂದು ಮಗು ಕುರ್ಚಿಯಲ್ಲೇ ವಾಲಿತು, ಎಚ್ಚರ ತಪ್ಪಿತು. ಆಂಬುಲೆನ್ಸ್ ಗೇಟಿನ ಆಚೆ ಇತ್ತು. ಆಟಗಾರರಲ್ಲಿ ಒಬ್ಬ ಮಗುವನ್ನು ಎತ್ತಿಕೊಂಡು ಓಡಿದ. ಮರುದಿನ ತಂದೆತಾಯಿಗಳೆಲ್ಲ ಸೇರಿ ಗಲಾಟೆ ಮಾಡಿದರು. ಆಸ್ಪತ್ರೆಯವರು ಇನ್ನು ನಮ್ಮ ಮಕ್ಕಳು ಬರುವುದಿಲ್ಲ ಎಂದುಬಿಟ್ಟರು. ಮುಂದಿನ ವರ್ಷ ಪಂದ್ಯ ನಡೆಯಲಿಲ್ಲ. ಅದರ ಮುಂದಿನ ವರ್ಷವೂ ಇಲ್ಲ.

“ದೊಡ್ಡ ಗ್ರೌಂಡ್ ಸಲುವಾಗಿ ಆಸ್ಟಿನ್‌ಗೆ ಹ್ವಾದ್ವಿ ಅಂತಾರ್ರೀ ಅವ್ರು,” ಎಂದೆ.

“ಅನ್ಲಿ ಬಿಡು. ಯಾರ ಕೇಳವ್ರು ಅದಾರ ಈಗ.”

ಆ ಆಸ್ಪತ್ರೆ ಈಗಿಲ್ಲ, ಇನ್ನೊಂದರಲ್ಲಿ ಸೇರಿಹೋಗಿದೆ ಎಂದರು. ನನಗೆ ನಿದ್ದೆ ಬರಲಿಲ್ಲ. ನಾನು ಕಂಡ ತೂತು ನಿಜವಾಗಿತ್ತು. ಹ್ಯೂಸ್ಟನ್‌ಗೂ ಆಸ್ಟಿನ್‌ಗೂ ನಡುವೆ ಒಂದು ಮಗು ಬಿದ್ದಿತ್ತು, ಅದನ್ನು ಪಿಯಾನೊ ಸಂಗೀತದಡಿ ಮುಚ್ಚಿದ್ದರು. ಆ ಹಿರಿಯರು ಬಾಗಿಲ ಕಡೆ ತಿರುಗಿದ್ದು ಯಾಕೆಂದು ಈಗ ತಿಳಿಯಿತು ಅಂದುಕೊಂಡೆ.

ಊರಿಗೆ ಬಂದು ಗಂಡನಿಗೆ ಹೇಳಿದಾಗ ಅವರು ಕೇಳಿದರು: “ಮಗಳನ್ನ ಆಡಿಸಬಾರದು ಅಂತೀಯಾ?”

“ಅದಲ್ಲರೀ. ಆಂಟಿಯನ್ನ ಪಂದ್ಯಕ್ಕೆ ಕರೀತೀನಿ. ಆ ಕೋಚ್ ಮುಂದೆ ನಿಲ್ಲಿಸ್ತೀನಿ. ಆಗ ಏನು ಹೇಳ್ತಾರೆ ನೋಡೋಣ.”

“ಎಪ್ಪತ್ತು ದಾಟಿದ ಹೆಂಗಸನ್ನ ಸಾಕ್ಷಿ ಹೇಳೋಕೆ ಹ್ಯೂಸ್ಟನ್‌ನಿಂದ ಕರೆಸ್ತೀಯ?”

“ಮಗಳ ಆಟ ನೋಡೋಕೆ ಅಂತಾನೇ ಕರೀತೀನಿ,” ಎಂದೆ. ಅದರಲ್ಲಿ ಅರ್ಧ ನಿಜವಿತ್ತು.

ಆಂಟಿ ಮೊದಲು ಒಪ್ಪಲಿಲ್ಲ. ಆ ಆಟ ಮತ್ತೆ ನೋಡುವುದಿಲ್ಲ ಎಂದು ಅಂದೇ ತೀರ್ಮಾನಿಸಿದ್ದೆ ಎಂದರು. ಆಮೇಲೆ ಮಗಳೇ ಫೋನ್ ತೆಗೆದುಕೊಂಡು, ತನ್ನ ಮುರುಕು ಕನ್ನಡದಲ್ಲಿ, “ಅಜ್ಜಿ, ನಾನು ಕಿಕ್ ಮಾಡೋದು ನೋಡೋಕೆ ಬರ್ತೀರಾ?” ಅಂದಳು. ಅವಳಿಗೆ ನನ್ನ ಹಂಚಿಕೆ ಗೊತ್ತಿರಲಿಲ್ಲ. ಆಂಟಿ ವಿಮಾನದಲ್ಲಿ ಬಂದರು.

ಪಂದ್ಯದ ಮಧ್ಯಾಹ್ನ ಡಲ್ಲಾಸ್‌ನಲ್ಲಿ ಬಿಸಿಲು ಕಣ್ಣು ಬಿಡಲು ಕೊಡುತ್ತಿರಲಿಲ್ಲ. ಆದರೆ ಮಕ್ಕಳ ಸಾಲು ಎಲ್ಲೂ ಇರಲಿಲ್ಲ. ಬ್ಯಾಂಡ್ ಹುಡುಗರು ನಿಲ್ಲುವ ಕಡೆಗೂ ದೊಡ್ಡ ಪೆಂಡಾಲು ಹಾಕಿಸಿದ್ದರು. ಆಂಟಿ ಮೊದಲು ನೋಡಿದ್ದು ಅದನ್ನೇ. ಮಗಳು ಹತ್ತಿರದಿಂದ ಒದ್ದವೆಲ್ಲ ಕಂಬಗಳ ನಡುವೆ ಹೋದವು. ಆಂಟಿಗೆ ಆಟ ತಿಳಿಯದಿದ್ದರೂ ಪ್ರತಿ ಸಲ ನನ್ನ ಮೊಣಕೈ ಹಿಡಿಯುತ್ತಿದ್ದರು.

ಅರ್ಧ ಆಟ ಮುಗಿದಾಗ ಅವರನ್ನು ಗ್ಯಾಲರಿಯ ಕೆಳಗಿನ ನೆರಳಿಗೆ ಕರೆದುಕೊಂಡು ಹೋದೆ. ಆ ಹಿರಿಯರು ಅಲ್ಲಿ ನೀರಿನ ಬಾಟಲಿ ಹಂಚಿಸುತ್ತಿದ್ದರು. ನಾನು ಸುತ್ತಿ ಬಳಸದೆ ಹೇಳಿದೆ. “ಇವರು ನಿಮ್ಮ ಪಂದ್ಯ ಹ್ಯೂಸ್ಟನ್‌ನಲ್ಲಿ ನಡೆಯುತ್ತಿದ್ದಾಗ ಮಕ್ಕಳನ್ನು ಕರೆದುಕೊಂಡು ಬರುತ್ತಿದ್ದ ನರ್ಸ್. ಒಂದು ಮಗು ಬಿಸಿಲಿಗೆ ಬಿದ್ದ ವರ್ಷವೂ ಇದ್ದರು.”

ಸಿಕ್ಕಿಬಿದ್ದವರ ಮುಖ ನಾನು ಕೆಲಸದಲ್ಲಿ ಬಹಳ ನೋಡಿದ್ದೇನೆ. ಅವರ ಮುಖ ಹಾಗಾಗಲಿಲ್ಲ. ಕೈಯಲ್ಲಿದ್ದ ಬಾಟಲಿಯನ್ನು ಪಕ್ಕದವರಿಗೆ ಕೊಟ್ಟು, ಆಂಟಿಯ ಹತ್ತಿರ ಬಂದು, ಟೋಪಿ ತೆಗೆದರು. ಮುಂದಿನ ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯಿತು.

“ಆ ಹುಡುಗನನ್ನು ಎತ್ತಿಕೊಂಡು ಓಡಿದ್ದು ನಾನು,” ಎಂದರು.

ಆಂಟಿ ಅವರನ್ನು ಕೆಳಗಿನಿಂದ ಮೇಲಕ್ಕೆ ನೋಡಿದರು. “ನೀವಾ? ಓಡಿದವನು ತೆಳ್ಳಗಿದ್ದ.”

“ಆಗ ನನಗೆ ಹದಿನೆಂಟು.”

“ಮತ್ತೆ, ಅದು ಹುಡುಗ ಅಲ್ಲ. ಹುಡುಗಿ. ಔಷಧಿಯಿಂದ ತಲೆಗೂದಲು ಹೋಗಿತ್ತು. ಅದಕ್ಕೇ ನಿಮಗೆ ಹುಡುಗ ಅನ್ನಿಸಿರಬೇಕು.”

ಅವರು ಇಲ್ಲ, ಹುಡುಗನೇ ಎಂದರು. ಆಂಟಿ ಹುಡುಗಿಯೇ ಎಂದರು. ಇಬ್ಬರೂ ವಿನಯದಿಂದಲೇ ಸ್ವಲ್ಪ ಹೊತ್ತು ಹಟ ಹಿಡಿದರು. ಕೊನೆಗೆ ಆಂಟಿ ಕೇಳಿದರು: “ಗೇಟಿನ ಹತ್ತಿರ ಆ ಮಗು ನಿಮ್ಮ ಅಂಗಿಯ ಮೇಲೆ ವಾಂತಿ ಮಾಡಿಕೊಂಡಿದ್ದು ನೆನಪಿದೆಯಾ?”

ಅವರು ಹೌದೆಂದು ತಲೆಯಾಡಿಸಿದರು. “ನೆನಪಿದೆ.” ಆಮೇಲೆ ಅವರ ದನಿ ಬಹಳ ತಗ್ಗಿತು. “ಆ ಮಗು ಸತ್ತುಹೋಯಿತು, ಅಲ್ಲವೇ? ನಮಗೆ ಯಾರೂ ಹೇಳಲಿಲ್ಲ. ನಾನು ನಮ್ಮ ಕೋಚನ್ನು ಕೇಳಿದೆ. ಆ ವಿಷಯ ಎತ್ತಬೇಡ ಅಂದರು. ಮುಂದಿನ ವರ್ಷ ಪಂದ್ಯ ನಿಂತಿತು. ಅದರಿಂದಲೇ ತಿಳಿದುಕೊಂಡೆ.”

“ಯಾರು ಹೇಳಿದರು ಸತ್ತಿತು ಅಂತ?” ಆಂಟಿಗೆ ಸಿಟ್ಟೇ ಬಂತು. “ಆ ಹುಡುಗಿ ವಾರ್ಡಿಗೆ ಬಂದಳು, ಸುಧಾರಿಸಿದಳು, ಚಳಿಗಾಲ ಶುರುವಾಗುವ ಮೊದಲು ಅಜ್ಜಿಯ ಕೈ ಹಿಡಿದು ಮನೆಗೆ ಹೋದಳು. ನಾನೇ ಬಾಗಿಲವರೆಗೆ ಬಿಟ್ಟು ಬಂದೆ.”

ಆ ಹಿರಿಯರು ಅಲ್ಲಿದ್ದ ಐಸ್ ಪೆಟ್ಟಿಗೆಯ ಮೇಲೆ ಕೂತುಬಿಟ್ಟರು. ಮೇಲೆ ಬ್ಯಾಂಡ್ ಬಾರಿಸುತ್ತಿತ್ತು. ಅವರು ಆಂಟಿಯನ್ನೇ ನೋಡುತ್ತ, “ನನಗೆ ಸಮಾಧಾನ ಆಗಲಿ ಅಂತ ಹೇಳುತ್ತಿಲ್ಲ ತಾನೇ?” ಎಂದರು. ಅದೇ ಪ್ರಶ್ನೆ ನನ್ನ ಬಾಯಲ್ಲೂ ಇತ್ತು.

“ನಿಮ್ಮ ಪರಿಚಯವೇ ನನಗಿಲ್ಲ,” ಎಂದರು ಆಂಟಿ. “ನಿಮಗೆ ನಾನು ಯಾಕೆ ಸಮಾಧಾನ ಮಾಡಲಿ?”

ಅವರು ನಗಲಿಲ್ಲ. ಮಾತಾಡತೊಡಗಿದರು. ಕಾಲೇಜು ಮುಗಿಸಿ ಕೋಚ್ ಆದಮೇಲೆ ಆಸ್ಟಿನ್ನಿನ ಕೆಲವರು ಪಂದ್ಯವನ್ನು ಮತ್ತೆ ಶುರು ಮಾಡುತ್ತೇವೆ, ಬಾ ಎಂದು ಕರೆದರಂತೆ. ಮಕ್ಕಳನ್ನು ಮೈದಾನಕ್ಕೆ ತರುವುದಿಲ್ಲ, ವಾರ್ಡಿನಲ್ಲಿ ಕ್ಯಾಮೆರಾ ಇರುವುದಿಲ್ಲ ಎಂದು ಒಪ್ಪಿದರೆ ಬರುತ್ತೇನೆ ಎಂದು ಇವರು ಹೇಳಿದರಂತೆ. ಆಸ್ಟಿನ್ನಿನವರು ಒಪ್ಪಿದರು, ಆದರೆ ಹಳೆಯದನ್ನು ಎತ್ತಬಾರದು ಎಂದು ಇವರಿಂದ ಒಂದು ಮಾತು ತೆಗೆದುಕೊಂಡರು. “ನಾನು ಮಾತು ಕೊಟ್ಟೆ. ಅವರಲ್ಲಿ ಈಗ ಯಾರೂ ಉಳಿದಿಲ್ಲ. ಆದರೂ ವಿಡಿಯೋ ಹಾಗೇ ಇದೆ.”

ಎರಡನೆಯ ಅರ್ಧ ಶುರುವಾಗಿತ್ತು. ಗಂಡ ಮೇಲಿನಿಂದ ಫೋನ್ ಮಾಡಿ, “ಎಲ್ಲಿದೀಯ? ಅವಳು ಬರ್ತಾಳೆ ಈಗ,” ಎಂದರು. ಮೂವರೂ ಮೆಟ್ಟಿಲು ಹತ್ತಿ ಮೇಲೆ ಬರುವಷ್ಟರಲ್ಲಿ ಮಗಳು ದೂರದಿಂದ ಒದೆಯಲು ನಿಂತಿದ್ದಳು. ಚೆಂಡು ಚೆನ್ನಾಗಿಯೇ ಎದ್ದಿತು, ಕಂಬದ ಹತ್ತಿರ ಹೋಗಿ ಎಡಕ್ಕೆ ವಾಲಿತು. ಉತ್ತರದ ತಂಡ ಸೋತಿತು. ಹೊರಗೆ ಬಂದಾಗ ಅವಳು ಸ್ವಲ್ಪ ಅತ್ತಿದ್ದಳು, ಆಂಟಿ ಅವಳ ಬೆವರು ಒರೆಸಿ, “ಕಾಲ ನೋಯ್ತೇನ?” ಎಂದು ಕೇಳಿದ್ದಕ್ಕೆ ನಗತೊಡಗಿದಳು.

ಆಂಟಿಯನ್ನು ಮರುದಿನ ವಿಮಾನ ನಿಲ್ದಾಣಕ್ಕೆ ಬಿಡುವಾಗ ಕಾರಿನಲ್ಲಿ ನಾವಿಬ್ಬರೇ ಇದ್ದೆವು. ಕೇಳಬಾರದೆಂದು ಎಷ್ಟು ತಡೆದುಕೊಂಡರೂ ಆಗಲಿಲ್ಲ.

“ಆಂಟಿ, ಆ ಹುಡುಗಿ ಮನಿಗೆ ಹ್ವಾದ್ಲು ಅಂತ ನನಗ ಅವತ್ತ ಯಾಕ ಹೇಳ್ಲಿಲ್ರಿ?”

“ನೀ ಕೇಳ್ಲಿಲ್ಲಲ್ಲ. ಹ್ಯೂಸ್ಟನ್ ಯಾಕ ಬಿಟ್ರು ಅಂತ ಕೇಳಿದಿ. ಹುಡುಗಿ ಏನಾದ್ಲು ಅಂತ ಕೇಳ್ಲಿಲ್ಲ.”

ನಿಜ. ತೂತು ಸಿಕ್ಕಿತು ಎಂಬ ಖುಷಿಯಲ್ಲಿ ಮಗುವನ್ನು ಆಂಬುಲೆನ್ಸಿನ ಬಾಗಿಲಲ್ಲೇ ಬಿಟ್ಟು ನಾನು ಮಲಗಲು ಹೋಗಿದ್ದೆ. ಆದರೂ ಬಾಯಿ ಸುಮ್ಮನಿರಲಿಲ್ಲ. “ಆಕಿ ಹೆಸರು ನೆನಪೈತೇನ್ರಿ?”

“ನೆನಪೈತಿ. ಹೇಳಂಗಿಲ್ಲ. ಪೇಷಂಟ್ ಹೆಸರು ಹೇಳಬಾರ್ದು.” ಆಮೇಲೆ ಅವರೇ ಮಾತು ಸೇರಿಸಿದರು. “ಮುಂದ ಏನಾತೋ ನನಗ ಗೊತ್ತಿಲ್ಲವಾ. ಆ ರೋಗ ಹಂಥಾದ್ದು. ವಾರ್ಡಿನಿಂದ ನಡಕೋತ ಹ್ವಾದ್ಲು. ನಾ ನೋಡಿದ್ದು ಅಷ್ಟ, ಹೇಳಿದ್ದೂ ಅಷ್ಟ.”

ಬೇಸಿಗೆ ಮುಗಿಯುವಾಗ ಆ ಹಿರಿಯರು ಫೋನ್ ಮಾಡಿದರು. ಈ ಸಲ ಕಟ್ ಮಾಡಲಿಲ್ಲ. ಸಮಿತಿಯ ಮುಂದೆ ಎಲ್ಲವನ್ನೂ ಹೇಳಿದ್ದರಂತೆ. ಕೆಲವರು ಇಷ್ಟು ಹಳೆಯದು ಈಗ ಯಾಕೆ, ಕೊಡುವವರು ಹಿಂಜರಿಯುತ್ತಾರೆ ಎಂದು ವಾದಿಸಿದರು. ಆದರೂ ವಿಡಿಯೋ ತಿದ್ದಲು ಒಪ್ಪಿಗೆ ಸಿಕ್ಕಿತು. ಹೊಸ ಸಾಲುಗಳನ್ನು ನನಗೆ ಓದಿ ಹೇಳಿದರು. ಒಂದು ವರ್ಷ ಒಬ್ಬ ಹುಡುಗಿ ಬಿಸಿಲಿಗೆ ಅಸ್ವಸ್ಥಳಾದಳು, ಪಂದ್ಯ ಕೆಲವು ವರ್ಷ ನಿಂತಿತು, ಹುಡುಗಿ ಪೂರ್ತಿ ಗುಣವಾದಳು.

“ಪೂರ್ತಿ ಗುಣವಾದಳು ಎಂದು ನಮಗೆ ಗೊತ್ತಿಲ್ಲ,” ಎಂದೆ. ನನಗೇ ನನ್ನ ದನಿ ಕಚೇರಿಯದಾಗಿ ಕೇಳಿಸಿತು. “ಮನೆಗೆ ನಡೆದು ಹೋದಳು ಎಂದು ಅವಳನ್ನು ನೋಡಿಕೊಂಡ ನರ್ಸ್ ಹೇಳುತ್ತಾರೆ. ಅಷ್ಟು ಗೊತ್ತು.”

ಅವರಿಗೆ ನೋವಾಯಿತೆಂದುಕೊಂಡೆ. ಆಚೆಯಿಂದ ಪೆನ್ನಿನ ಸದ್ದು ಕೇಳಿಸಿತು. “ಮತ್ತೊಮ್ಮೆ ಹೇಳಿ, ಬರೆದುಕೊಳ್ಳುತ್ತೇನೆ,” ಎಂದರು.

ಮಗಳು ಈಗ ಕಾಲೇಜಿನಲ್ಲಿದ್ದಾಳೆ. ಫುಟ್‌ಬಾಲ್ ಬಿಟ್ಟಿದ್ದಾಳೆ, ರಜೆಗೆ ಬಂದಾಗ ಆ ವಾರ್ಡಿಗೆ ತಾನೇ ಹೋಗಿಬರುತ್ತಾಳೆ. ಅಲ್ಲಿ ಏನು ಮಾಡುತ್ತಾಳೆಂದು ನನಗೆ ಹೇಳುವುದಿಲ್ಲ. ನಾನೂ ಕೇಳದಿರಲು ಕಲಿಯುತ್ತಿದ್ದೇನೆ. ಆಸ್ಟಿನ್ನಿನ ಊಟಕ್ಕೆ ಈ ವರ್ಷ ನನ್ನನ್ನೂ ಗಂಡನನ್ನೂ ಕರೆದಿದ್ದರು. ಹೊಸ ವಿಡಿಯೋದಲ್ಲಿ ಆ ಸಾಲುಗಳು ಬಂದಾಗ ಹಾಲ್‌ನಲ್ಲಿ ಹೆಚ್ಚಿನವರು ಪೀಚ್ ಹಣ್ಣಿನ ಸಿಹಿ ತಿಂಡಿ, ಪೀಚ್ ಕಾಬ್ಲರ್ ತಿನ್ನುತ್ತಿದ್ದರು. ಪಿಯಾನೊ ಹಾಗೆಯೇ ಇತ್ತು. ಆ ಹಿರಿಯರು ಗೋಡೆಗೆ ಒರಗಿ ನಿಂತು, ಪರದೆಯನ್ನಲ್ಲ, ಜನರನ್ನು ನೋಡುತ್ತಿದ್ದರು.

ನನ್ನ ಪಕ್ಕದಲ್ಲಿ ಹ್ಯೂಸ್ಟನ್ ಹತ್ತಿರದ ಪೇರ್‌ಲ್ಯಾಂಡ್‌ನಿಂದ ಬಂದ ಒಬ್ಬ ತಾಯಿ ಕೂತಿದ್ದರು. ಅವರ ಮಗ ದಕ್ಷಿಣದ ತಂಡದಲ್ಲಿದ್ದ. ಅವರು ಚಮಚ ಕೆಳಗಿಟ್ಟು, ನನ್ನ ಕಡೆ ಬಾಗಿ, ಈ ನರ್ಸ್ ಎನ್ನುವವರು ನಿಜವಾಗಿ ಇದ್ದಾರೆಯೇ ಅಥವಾ ಕಥೆ ಕಟ್ಟಿದ್ದಾರೆಯೇ ಎಂದು ಕೇಳಿದರು.

“ಇದ್ದಾರೆ. ನಿಮ್ಮ ಮನೆಯಿಂದ ಬಹಳ ದೂರವೇನಿಲ್ಲ,” ಎಂದೆ. ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿದರು. ನಂಬಿದಂತೆ ಕಾಣಲಿಲ್ಲ.